ದೇವಮ್ಮ ಆರಿಸಿದ ಕಲ್ಲು

ವಿಜಯವಾಡದ ಭವಾನಿಪುರಂನಲ್ಲಿ ಮನೆ ಕಟ್ಟಿಸಿದ ವರ್ಷ ಗಂಡ ಹೇಳಿದ ಎಲ್ಲಕ್ಕೂ ದೇವಮ್ಮ ಹೂಂ ಅಂದಿದ್ದಳು. ಬಾಗಿಲು ಯಾವ ಕಡೆ, ಅಡುಗೆಮನೆಗೆ ಯಾವ ಬಣ್ಣ, ಕಿಟಕಿಗೆ ಯಾವ ನಮೂನೆಯ ಸರಳು, ಎಲ್ಲಕ್ಕೂ. ಹಿತ್ತಲ ಅಂಗಳಕ್ಕೆ ಹಾಸುವ ಕಲ್ಲಿನ ಮಾತು ಬಂದ ದಿನ ಮಾತ್ರ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು.

“ಅದನ್ನ ನಾ ಆರಸ್ತೀನಿ,” ಅಂದಳು.

ಚನ್ನಬಸಪ್ಪ ಪೇಪರು ಕೆಳಗಿಳಿಸಿ ನೋಡಿದ. “ಕಲ್ಲು ಆರಸೂದು ಹೆಣಮಕ್ಕಳ ಕೆಲಸೇನ? ನಮ್ಮ ಬ್ಯಾಂಕಿನ ಸಾಹೇಬ್ರು ಬರಲತ್ತಾರ ಐತವಾರ. ಅವರಿಗಿ ಅಂಗಡಿಯವ್ನು ಗೊತ್ತದಾನ. ಕರಿ ಕಡಪ ಕಲ್ಲು, ಕನ್ನಡಿ ಪಾಲಿಶ್. ಮಾತು ಮುಗದದ.”

“ನಂದು ಸುರುನೇ ಆಗಿಲ್ಲ,” ಅಂದು ದೇವಮ್ಮ ಒಳಗೆ ಹೋದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತ್ತು.

ಅದು ತೊಂಬತ್ತಮೂರರ ಮಾರ್ಚ್ ತಿಂಗಳು. ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಗೂ ಎರಡು ಸಪೋಟ ಗಿಡಗಳಿಗೂ ನಡುವೆ ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗವನ್ನು ಚನ್ನಬಸಪ್ಪ ಹಗ್ಗ ಹಿಡಿದು ಅಳೆದು ಬಿಟ್ಟಿದ್ದ. ಅಲ್ಲಿ ಬೆತ್ತದ ಕುರ್ಚಿ ಹಾಕಿ ಸಂಜೆ ಚಹಾ ಕುಡಿಯಬೇಕು, ಬ್ಯಾಂಕಿನವರನ್ನು ಕರೆಯಬೇಕು. ಈ ಆಸೆ ಅವನಿಗೆ ಹುಟ್ಟಿದ್ದು ವಿಶಾಖಪಟ್ಟಣದಲ್ಲಿ. ಹದಿನೈದು ವರ್ಷ ಅವನು ನೌಕಾಪಡೆಯಲ್ಲಿ ಗುಮಾಸ್ತೆಯ ಕೆಲಸ ಮಾಡಿದವನು. ಗುಡ್ಡದ ಮೇಲಿನ ಅಧಿಕಾರಿಯೊಬ್ಬರ ಬಂಗಲೆಗೆ ಕಾಗದಪತ್ರ ಒಯ್ದಾಗಲೆಲ್ಲ ತೋಟದ ನಡುವಿನ ಕಲ್ಲುಹಾಸಿನ ಅಂಚಿನಲ್ಲಿ ನಿಂತು ಸಹಿಗೆ ಕಾಯುತ್ತಿದ್ದ. ಒಮ್ಮೆಯೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಆ ಹಾಸು ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು ಎಂದು ಇವತ್ತಿಗೂ ಹೇಳುತ್ತಾನೆ. ನಾವಿಕರ ಹೆಂಡಂದಿರನ್ನು ಒಂದು ಸಲ ಅಲ್ಲಿಗೆ ಚಹಾಕ್ಕೆ ಕರೆದಾಗ ದೇವಮ್ಮ ಬಗ್ಗಿ ಕೈಯಿಟ್ಟು ನೋಡಿದ್ದಳು. ಅದು ಒರಟು ಕಲ್ಲು. ಅತಿಥಿಗಳು ಬರುವ ಮೊದಲು ಮಾಲಿ ಪೈಪಿನಲ್ಲಿ ನೀರು ಬಿಡುತ್ತಿದ್ದ, ಅಷ್ಟೆ. ಗಂಡನಿಗೆ ಅದನ್ನು ಅವಳು ಹೇಳಿರಲಿಲ್ಲ.

ಅವಳು ಹೇಳದೆ ಬಿಟ್ಟದ್ದು ಬಹಳವಿತ್ತು.

ದೇವಮ್ಮನ ಅಪ್ಪ ಮಲ್ಲಪ್ಪ ಶಹಾಬಾದಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನು. ಹಾರೆ, ಛೇಣಿ, ಸುತ್ತಿಗೆ ಹಿಡಿದು, ನೆಲದೊಳಗೆ ಹಾಳೆ ಹಾಳೆಯಾಗಿ ಮಲಗಿದ ಹಾಸುಗಲ್ಲನ್ನು ಒಡೆಯದ ಹಾಗೆ ಮೇಲಕ್ಕೆತ್ತುವುದು ಅವನ ಕಸುಬು. ದೇವಮ್ಮ ಎಂಟು ವರ್ಷದವಳಿದ್ದಾಗ ಚೂರು ಹೊತ್ತವಳು, ಹದಿನಾಲ್ಕಕ್ಕೆ ಛೇಣಿ ಹಿಡಿದವಳು. ಚನ್ನಬಸಪ್ಪನೂ ಅದೇ ಓಣಿಯವನು. ಅವನ ಅಪ್ಪ ಅದೇ ಗಣಿಯಿಂದ ರೈಲ್ವೆ ಸ್ಟೇಷನ್ನಿಗೆ ಕಲ್ಲಿನ ಗಾಡಿ ಹೊಡೆಯುತ್ತಿದ್ದವನು, ಈಗಿಲ್ಲ. ಮದುವೆಯಾಗಿ ವಿಶಾಖಪಟ್ಟಣದ ಕ್ವಾರ್ಟರ್ಸಿಗೆ ಬಂದ ಮೊದಲ ವಾರ ಪಕ್ಕದ ಮನೆಯಾಕೆ ಏನೋ ಕೇಳಿದಳು, ಚನ್ನಬಸಪ್ಪ ಹಿಂದಿಯಲ್ಲಿ ಏನೋ ಹೇಳಿದ. ಇಪ್ಪತ್ತು ವರ್ಷದ ದೇವಮ್ಮನಿಗೆ ಆಗ ಹಿಂದಿಯೂ ತಿಳಿಯದು, ತೆಲುಗೂ ತಿಳಿಯದು. ‘ಹೆಂಡತಿಯ ತಂದೆ ಕ್ವಾರಿ ಕಾಂಟ್ರ್ಯಾಕ್ಟರ್’ ಎಂದು ಗಂಡ ಹೇಳಿದ್ದ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಆ ಮಾತು ಇಡೀ ಕ್ವಾರ್ಟರ್ಸಿಗೆ ಹಳೆಯದಾಗಿತ್ತು.

ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಅವಳು ನುಂಗುತ್ತಿದ್ದಳು. ಆದರೆ ಕಾಂಟ್ರ್ಯಾಕ್ಟರ್ ಆದ ಮೇಲೆ ಅಪ್ಪ ಮಗಳ ಮನೆಗೆ ಬರುವ ಹಾಗಿರಲಿಲ್ಲ. ಮಲ್ಲಪ್ಪನ ಕೈ ನೋಡಿದರೆ ಸಾಕು, ಯಾರಿಗಾದರೂ ತಿಳಿಯುತ್ತದೆ. ಪ್ರತಿ ವರ್ಷ ದೇವಮ್ಮ ಕೇಳುವಳು, ಪ್ರತಿ ವರ್ಷ ಚನ್ನಬಸಪ್ಪ ‘ಈ ಸಲ ಬ್ಯಾಡ’ ಅನ್ನುವನು. ನೌಕಾಪಡೆ ಬಿಟ್ಟು ವಿಜಯವಾಡದ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿದ ಮೇಲೂ ಆ ಸುಳ್ಳು ಸಾಮಾನಿನ ಜೊತೆ ಲಾರಿ ಹತ್ತಿ ಬಂತು. ಮದುವೆಯಾಗಿ ಹದಿನೈದು ವರ್ಷವಾದರೂ ಮಲ್ಲಪ್ಪ ಮಗಳ ಮನೆಯ ಹೊಸ್ತಿಲು ನೋಡಿರಲಿಲ್ಲ. ಅವಳೇ ವರ್ಷಕ್ಕೊಮ್ಮೆ ತವರಿಗೆ ಹೋಗುವಳು. ‘ಮನಿ ಹ್ಯಾಂಗದವ್ವಾ?’ ಎಂದು ಅವನು ಕೇಳುವನು, ಅವಳು ಕೈ ಆಡಿಸಿ ಆಡಿಸಿ ಹೇಳುವಳು. ನೋಡಲಿಕ್ಕೆ ಬರುತ್ತೇನೆ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಅವನು ಅನ್ನದೆ ಇದ್ದದ್ದೇ ಅವಳನ್ನು ತಿನ್ನುತ್ತಿತ್ತು.

ಭಾನುವಾರ ಮ್ಯಾನೇಜರ್ ಗೋಪಾಲಕೃಷ್ಣ ತಮ್ಮ ಫಿಯಟ್ ತಂದರು. ಉಡುಪಿಯ ಕಡೆಯವರು, ವರ್ಗವಾಗಿ ಬಂದು ಎರಡು ವರ್ಷ, ಕನ್ನಡದವರ ಮನೆ ಎಂದರೆ ಕರೆಯದೆಯೂ ಬರುವ ಮನುಷ್ಯ. ಚನ್ನಬಸಪ್ಪ ಮುಂದೆ ಕೂತ. ದೇವಮ್ಮ ಮಗಳು ಪದ್ಮಾಳ ಕೈ ಹಿಡಿದು ಹಿಂದಿನ ಬಾಗಿಲು ತೆಗೆದು, ಯಾರನ್ನೂ ಕೇಳದೆ ಕೂತಳು. ಮ್ಯಾನೇಜರ ಎದುರು ಚನ್ನಬಸಪ್ಪನಿಗೆ ಬೇಡ ಎನ್ನಲಾಗಲಿಲ್ಲ.

ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡುಗಳು ಮುಗಿಯುವಲ್ಲಿ ಸಾಂಬಶಿವರಾವ್ ಎಂಬವನ ಕಲ್ಲಿನ ಅಂಗಡಿ. ಅಂಗಡಿ ಎಂದರೆ ತಂತಿ ಬೇಲಿಯೊಳಗಿನ ಬಯಲು, ಇಸ್ಪೀಟು ಎಲೆಗಳ ಹಾಗೆ ಒಂದಕ್ಕೊಂದು ಒರಗಿಸಿಟ್ಟ ಕಲ್ಲುಗಳು. ಸಾಂಬಶಿವರಾವ್ ಕರಿ ಕಲ್ಲುಗಳ ಮೇಲೆ ನೀರು ಚಿಮುಕಿಸಿ ಒರೆಸಿದ. ಅವುಗಳಲ್ಲಿ ಮ್ಯಾನೇಜರ ಮುಖ ಕಾಣಿಸಿತು.

“ನೋಡಿ ಮಾರಾಯ್ರೇ, ತಲೆ ಬಾಚ್ಲಿಕ್ಕೆ ಬೇರೆ ಕನ್ನಡಿ ಬೇಡ,” ಅಂದರು ಗೋಪಾಲಕೃಷ್ಣ.

ದೇವಮ್ಮ ಮುಂದೆ ಬಂದು, ಬಿಸಿಲಿನಲ್ಲಿ ಮಲಗಿಸಿದ್ದ ಒಂದು ಒಣ ಕರಿ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತಳು. ನಾಲ್ಕು ಎಣಿಸುವಷ್ಟು ಹೊತ್ತು ನಿಂತು ಇಳಿದಳು. ಪಾದ ಕೆಂಪಾಗಿತ್ತು.

“ಇನ್ನಾ ಮಾರ್ಚ್ ಅದ. ಮೇ ತಿಂಗಳಾಗ ಇದರ ಮ್ಯಾಲ ರೊಟ್ಟಿ ಸುಡಬಹುದು,” ಅಂದಳು ಗಂಡನಿಗೆ. ಆಮೇಲೆ ಅಂಗಡಿಯವನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದಳು: “ಇದರ ಹೊಳಪು ಬಯಲಿನಲ್ಲಿ ಎಷ್ಟು ಮಳೆಗಾಲ ಇರುತ್ತದೆ ರಾವ್‌ಗಾರೂ? ನಿಜ ಹೇಳಿ.”

ಸಾಂಬಶಿವರಾವ್ ನಕ್ಕ. “ಅಮ್ಮಗಾರು ಸೀರೆ ಆರಿಸಿದ ಹಾಗೆ ಆರಿಸ್ತಿದ್ದಾರೆ ಸಾರ್.”

“ಸೀರೆ ಬಣ್ಣ ಬಿಟ್ಟರೆ ಪಾತ್ರೆಯವನಿಗೆ ಹಾಕ್ತೀನಿ. ಇದನ್ನು ನಿಮಗೆ ವಾಪಸು ಹಾಕ್ಲಾ?”

ಬೇಲಿಯ ಮೂಲೆಯಲ್ಲಿ ಬೂದು ನೀಲಿಯ ಕಲ್ಲುಗಳ ಒಂದು ಸಾಲು ಇತ್ತು. ಪಾಲಿಶ್ ಇಲ್ಲ, ಅಂಚು ಕೂಡ ಕೈಯಿಂದ ಕಡಿದದ್ದು. ದೇವಮ್ಮ ಅತ್ತ ನಡೆದಳು. ತಾಂಡೂರಿನದು ಎಂದ ಅಂಗಡಿಯವ. ತಾಂಡೂರು ಎಂದರೆ ಶಹಾಬಾದಿನಿಂದ ರೈಲಿನಲ್ಲಿ ಎರಡು ತಾಸಿನ ದಾರಿ. ಅದೇ ಬಣ್ಣ, ಅದೇ ದಪ್ಪ, ಮಳೆ ಬೀಳುವ ಮೊದಲಿನ ಆಕಾಶದ ಹಾಗೆ. ಅವಳು ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟಳು, ತೆಗೆಯಲಿಲ್ಲ.

“ಇದನ್ನ ಹಾಕೋಣ,” ಅಂದಳು.

“ಅಯ್ಯೋ, ನಮ್ಮ ಊರಲ್ಲಿ ಇದನ್ನು ಬಚ್ಚಲಿಗೆ ಹಾಕ್ತಾರೆ ಅಮ್ಮ,” ಅಂದರು ಮ್ಯಾನೇಜರ್.

“ಬಚ್ಚಲಕ್ಕ ಹಾಕಿದ್ದು ಕಾಲು ಜಾರಸಂಗಿಲ್ರೀ ಸಾಹೇಬ್ರ. ಅದಕ್ಕೇ ಹಾಕ್ತಾರ.”

ಗೋಪಾಲಕೃಷ್ಣರು ದೊಡ್ಡದಾಗಿ ನಕ್ಕರು. ಚನ್ನಬಸಪ್ಪ ನಗಲಿಲ್ಲ. “ಸಾಕು ಮಾಡು,” ಅಂದ ತುಟಿ ಅಲ್ಲಾಡಿಸದೆ.

ಎಲ್ಲ ಮೊದಲ ದರ್ಜೆ, ಕಣ್ಣು ಮುಚ್ಚಿಕೊಂಡು ಒಯ್ಯಬಹುದು ಎಂದ ಸಾಂಬಶಿವರಾವ್. ದೇವಮ್ಮ ಒಂದು ಸುತ್ತಿಗೆ ಕೇಳಿದಳು.

“ಯಾತಕ್ಕಮ್ಮಾ? ಬಡಿದು ನೋಡೋಕೆ ಇದೇನು ಕಲ್ಲಂಗಡಿ ಹಣ್ಣೇ?”

“ಕೊಡಿ, ಹಣ್ಣು ಯಾವುದು, ಕಾಯಿ ಯಾವುದು ಹೇಳ್ತೀನಿ.”

ಸುತ್ತಿಗೆ ಬಂತು. ದೇವಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಎಡ ಮೊಣಕಾಲು ನೆಲಕ್ಕೂರಿ, ಬಲ ಮೊಣಕಾಲು ಎದೆಗೆ ತಾಗುವಂತೆ ಎತ್ತಿ ಕುಳಿತಳು. ಹಾಗೆ ಕೂರುವವರು ಗಣಿಯವರು ಮಾತ್ರ. ಕಾಲ ಮೇಲೆ ಕಲ್ಲು ಜಾರಿದರೆ ಥಟ್ಟನೆ ಹಿಂದಕ್ಕೆ ಹಾರಬೇಕಲ್ಲ, ಅದಕ್ಕೆ. ಚನ್ನಬಸಪ್ಪನಿಗೆ ಆ ಕೂರುವ ರೀತಿ ಗೊತ್ತು. ಅವನು ಸುತ್ತ ಒಮ್ಮೆ ನೋಡಿದ.

“ದೇವೀ, ಏಳು. ಮಂದಿ ನೋಡಲತ್ತಾರ.”

“ನೋಡ್ಲಿ.”

ಅವಳು ಸುತ್ತಿಗೆಯನ್ನು ಸಡಿಲವಾಗಿ ಹಿಡಿದು ಮೊದಲ ಕಲ್ಲಿನ ನಡುವೆ ಬಿಟ್ಟಳು. ಖಣ್ ಎಂದಿತು, ಕಂಚಿನ ಬಟ್ಟಲಿನ ಹಾಗೆ. ಎರಡನೆಯದು ಖಣ್. ಮೂರನೆಯದು, ನಾಲ್ಕನೆಯದು. ಐದನೆಯದು ಬದ್ ಎಂದಿತು. ಅದನ್ನು ಪಕ್ಕಕ್ಕೆ ಎಳೆಸಿದಳು. ಹದಿನೈದು ವರ್ಷದ ಹಿಂದಿನ ಕೈ ಒಂದೊಂದಾಗಿ ವಾಪಸು ಬರುತ್ತಿತ್ತು, ಮೊದಲು ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಭುಜ. ಲಾರಿ ಶೆಡ್ಡಿನ ಕೆಲಸಗಾರರು ಬೇಲಿಯ ಹತ್ತಿರ ಬಂದು ನಿಂತರು. ನಲವತ್ತೈದು ಕಲ್ಲುಗಳಲ್ಲಿ ಹದಿನಾರು ಪಕ್ಕಕ್ಕೆ ಹೋದವು.

“ಇದು ಅನ್ಯಾಯಮ್ಮಾ,” ಅಂದ ಸಾಂಬಶಿವರಾವ್. ಈಗ ಅವನೂ ನಗುತ್ತಿರಲಿಲ್ಲ. “ಗೆರೆ ಇಲ್ಲ, ಬಿರುಕಿಲ್ಲ. ಸದ್ದು ಸರಿಯಿಲ್ಲ ಅಂತ ಕಲ್ಲು ಬಿಡ್ತಾರಾ ಯಾರಾದರೂ?”

“ಪದ್ಮಾ, ಬಕೆಟ್ ನೀರು ತಾ.”

ಹದಿಮೂರರ ಪದ್ಮಾ ತಂದಳು. ಮನೆಯಲ್ಲೂ ತೆಲುಗೇ ಮಾತಾಡುವ ಹುಡುಗಿ. ಅಮ್ಮನನ್ನು ಅವಳು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದಳು. ದೇವಮ್ಮ ಬದ್ ಎಂದ ಕಲ್ಲೊಂದನ್ನು ಮಲಗಿಸಿ ನೀರು ಸುರಿದಳು. ಬಿಸಿಲಿಗೆ ನೀರು ಅಂಚಿನಿಂದ ಒಣಗುತ್ತ ಬಂತು. ಎಲ್ಲರೂ ಕಾಯುತ್ತ ನಿಂತರು. ಕಲ್ಲು ಪೂರ್ತಿ ಬೆಳ್ಳಗಾಯಿತು, ನಡುವೆ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಮಾತ್ರ ಒಣಗದೆ ಉಳಿಯಿತು.

ಅವಳು ಗೆರೆಯ ತುದಿಗೆ ಒಂದೇ ಏಟು ಕೊಟ್ಟಳು. ಕಲ್ಲು ಎರಡು ತುಂಡಾಯಿತು.

“ಮದ್ದು ಸಿಡಿಸಿ ತೆಗೆದ ಕಲ್ಲು ಇವು. ಹಾರೆಯಿಂದ ಎಬ್ಬಿಸಿದ್ದಲ್ಲ. ಸಿಡಿದ ಪೆಟ್ಟು ಒಳಗೇ ಇರುತ್ತದೆ, ಮೇಲೆ ಕಾಣೋದಿಲ್ಲ. ಕುರ್ಚಿ ಎಳೆದ ದಿನ ಕಾಣುತ್ತದೆ.”

ಸಾಂಬಶಿವರಾವ್ ತುಂಡುಗಳನ್ನು ನೋಡಿದ, ಅವಳ ಕೈ ನೋಡಿದ. “ಎಲ್ಲಿ ಕಲಿತಿರಮ್ಮಾ ಇದನ್ನು?” ಅವನ ದನಿ ಬೇರೆಯಾಗಿತ್ತು.

ಚನ್ನಬಸಪ್ಪ ಎರಡು ಹೆಜ್ಜೆ ಮುಂದೆ ಬಂದ. “ಇವಳ ಫಾದರ್ ಕ್ವಾರಿ ಕಾಂಟ್ರ್ಯಾಕ್ಟರ್,” ಅಂದ ಅವಸರದಲ್ಲಿ, ಮ್ಯಾನೇಜರ ಕಡೆ ನೋಡುತ್ತ. “ಸಣ್ಣವಳಿದ್ದಾಗ ಹೋಗಿ ನೋಡ್ತಿದ್ದಳು ಸಾರ್. ಹಂಗೇ ಸುಮ್ನ…”

ಸುತ್ತಿಗೆ ದೇವಮ್ಮನ ಕೈಯಲ್ಲೇ ಇತ್ತು. ಇಲ್ಲಿ ಸುಮ್ಮನಿದ್ದರೆ ಹೊಸ ಮನೆಯ ಹೊಸ್ತಿಲೂ ಅಪ್ಪನಿಗೆ ಮುಚ್ಚಿತು ಎಂದು ಅವಳಿಗೆ ಗೊತ್ತಿತ್ತು. ಮೊದಲು ತೆಲುಗಿನಲ್ಲಿ, ಅಂಗಡಿಯವನಿಗೆ ಹೇಳಿದಳು. ಆಮೇಲೆ ಮ್ಯಾನೇಜರಿಗೆ ಕನ್ನಡದಲ್ಲಿ.

“ಕಾಂಟ್ರ್ಯಾಕ್ಟರ್ ಅಲ್ರೀ ಸಾಹೇಬ್ರ. ನಮ್ಮಪ್ಪ ಕಲ್ಲು ಒಡಿಯಾಂವ. ಕೂಲಿಗಿ. ನಾನೂ ಒಡದೀನಿ ಆರು ವರ್ಷ. ಇವ್ರಪ್ಪ ಅದೇ ಕಲ್ಲಿನ ಗಾಡಿ ಹೊಡೀತಿದ್ರು. ಭಾಳ ಛಲೋ ಹೊಡೀತಿದ್ರು, ಒಂದು ಕಲ್ಲಿನ ಮೂಲಿ ಮುರೀತಿರಲಿಲ್ಲ.”

ಶೆಡ್ಡಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಗೋಪಾಲಕೃಷ್ಣರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಹಾಗಾದ್ರೆ ನಾವು ಬಂದದ್ದೇ ದಂಡ,” ಅಂದರು ಕೊನೆಗೆ. “ನಮಗೆ ಬರೀ ಕರಿದು ಬಿಳಿದು ಗೊತ್ತುಂಟು.” ಚನ್ನಬಸಪ್ಪ ಆಗಲೇ ಕಾರಿನ ಕಡೆ ನಡೆದಿದ್ದ.

ಮನೆಗೆ ಬಂದ ಮೇಲೆ ಅವನು ಅಂಗಿಯನ್ನೂ ಬಿಚ್ಚಲಿಲ್ಲ. “ಹದಿನೈದು ವರ್ಷ ಕಟ್ಟಿದ ಮರ್ಯಾದಿ ಒಂದು ಮಾತಿನಾಗ ಕೆಡವಿದಿ.”

“ಕಟ್ಟಿದವ್ರು ನೀವು. ಅದರ ಕೆಳಗ ಸಿಕ್ಕಾಂವ ನಮ್ಮಪ್ಪ.”

“ನಾಳೆ ಬ್ಯಾಂಕಿನಾಗ ನಾ ಹ್ಯಾಂಗ ಕೂಡ್ಲಿ?”

“ಕುರ್ಚಿ ಮ್ಯಾಲ ಕೂಡ್ರಿ. ಕುರ್ಚಿ ಏನೂ ಕಸಗೊಂಡಿಲ್ಲಲ್ಲ ಅವರು?”

ಎರಡು ದಿನ ಅವನು ಮಗಳ ಮೂಲಕ ಮಾತಾಡಿದ. ಬುಧವಾರ ಅವನು ಬ್ಯಾಂಕಿಗೆ ಹೋದ ಮೇಲೆ ಬಾಗಿಲಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಹುಲ್ಲಿನ ನಡುವೆ ಕರಿ ಕಲ್ಲು, ಕನ್ನಡಿ ಪಾಲಿಶ್. ಡ್ರೈವರ್ ಚೀಟಿ ತೋರಿಸಿದ: ಚನ್ನಬಸಪ್ಪನ ಸಹಿ. ಸೋಮವಾರವೇ ಹೋಗಿ ಹೇಳಿ ಬಂದಿದ್ದ.

ದೇವಮ್ಮ ಒಳಗಿನಿಂದ ಮಣೆ ತಂದು, ಗೇಟಿಗೆ ಚಿಲಕ ಹಾಕಿ, ಮಣೆಯನ್ನು ಗೇಟಿನ ಹೊರಗೆ ಇಟ್ಟು ಅದರ ಮೇಲೆ ಕೂತಳು.

“ಅಮ್ಮಾ, ಸಾರ್ ಹೇಳಿದ್ದು,” ಅಂದ ಡ್ರೈವರ್.

“ಸಾರ್ ಬರಲಿ, ಅವರ ಮೇಲೆ ಇಳಿಸು. ನನ್ನ ಅಂಗಳಕ್ಕೆ ಇಳಿಸೋ ಹಾಗಿಲ್ಲ.”

ಎದುರು ಮನೆಯ ಕೋಟೇಶ್ವರಮ್ಮ ಹೊರಗೆ ಬಂದರು. ಗುಂಟೂರಿನ ಕಡೆಯ ಮುದುಕಿ, ಜಗಳ ಎಂದರೆ ಬಿಸಿ ಅನ್ನ ಬಿಟ್ಟು ಬರುವವರು. “ಏನಮ್ಮಾಯ್, ಯಾರ ಮೇಲೆ ಧರಣಿ?”

“ಕರಿ ಕಲ್ಲಿನ ಮೇಲೆ ಪಿನ್ನಿಗಾರೂ.”

ಮುದುಕಿ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಕಲ್ಲನ್ನು ಬೆರಳಿಂದ ಮುಟ್ಟಿ ನೋಡಿ, ಡ್ರೈವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. “ಕುಡಿದು ಹೋಗಪ್ಪಾ. ಇವಳು ಏಳೋ ಲಕ್ಷಣ ಕಾಣೋದಿಲ್ಲ. ಈ ಮನೆ ಏಳೋಕೆ ಶುರುವಾದಾಗಿನಿಂದ ನೋಡ್ತಿದ್ದೀನಿ, ಜೋರಾಗಿ ಮಾತಾಡಿದವಳಲ್ಲ. ಇಂಥವರು ಕೂತರೆ ಕಷ್ಟ.”

ಬಿಸಿಲು ನೆತ್ತಿಗೆ ಬಂದಾಗ ಟ್ರ್ಯಾಕ್ಟರ್ ವಾಪಸು ಹೋಯಿತು. ಡ್ರೈವರನ ಕೈಯಲ್ಲಿ ದೇವಮ್ಮ ಸಾಂಬಶಿವರಾವಿಗೆ ಒಂದು ಚೀಟಿ ಕಳಿಸಿದಳು. ಮರುದಿನ ಬೂದು ನೀಲಿ ಕಲ್ಲು ಬಂತು. ಜೊತೆಗೆ ಸಾಂಬಶಿವರಾವ್ ತಾನೇ ಬಂದು ನಿಂತು ಇಳಿಸಿದ. ಹದಿನಾರರ ಬದಲಿಗೆ ಬೇರೆ ಹದಿನಾರು ತಂದಿದ್ದ. “ಬಡಿದು ನೋಡಿಯೇ ತಂದೆನಮ್ಮಾ,” ಅಂದ. ಅವಳು ಮತ್ತೊಮ್ಮೆ ಬಡಿದು ನೋಡಿದಳು. ಎರಡನ್ನು ಹಿಂದಕ್ಕೆ ಕಳಿಸಿ ಬೇರೆ ತರಿಸಿದಳು.

ಸಂಜೆ ಬಂದ ಚನ್ನಬಸಪ್ಪ ಕಲ್ಲಿನ ಸಾಲು ನೋಡಿ ಒಳಗೆ ಹೋದ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಅಂದ: “ಸಾಹೇಬ್ರು ಇವತ್ತ ಕರದಿದ್ರು. ಅವರ ಅಜ್ಜ ಹೋಟೆಲಿನಾಗ ಎಂಜಲ ಎಲಿ ತೆಗೀತಿದ್ರಂತ.”

“ಮತ್ತ?”

“ಮತ್ತೇನಿಲ್ಲ. ಅಷ್ಟೇ ಹೇಳಿದ್ರು.” ರೊಟ್ಟಿ ಮುರಿಯುತ್ತ, “ಅಷ್ಟಕ್ಕ ಹಿಗ್ಗಬ್ಯಾಡ. ನೀ ಮಾಡಿದ್ದು ತಪ್ಪೇ,” ಅಂದ.

“ತಪ್ಪಾದ್ರ ಆಗ್ಲಿ,” ಅಂದು ದೇವಮ್ಮ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಹಾಸುವ ಕೆಲಸ ಮೂರು ದಿನ ನಡೆಯಿತು. ಅದು ಮುಗಿದ ಮರುದಿನ ಬೆಳಿಗ್ಗೆ ಅವಳು ಪದ್ಮಾಳ ಪೆನ್ನು ಇಸಿದುಕೊಂಡು ಅಂಗಳದಲ್ಲಿ ಕೂತು ಒಂದು ಪೋಸ್ಟ್ ಕಾರ್ಡು ಬರೆದಳು. ನಾಲ್ಕನೆಯ ಇಯತ್ತೆಯ ಅಕ್ಷರ, ದಪ್ಪ ದಪ್ಪ. ‘ಅಪ್ಪಾ, ಮನಿ ಆಗ್ಯಾದ. ಅಂಗಳಕ್ಕ ಪರಸಿ ಕಲ್ಲು ಹಾಕ್ಯಾರ, ನಾನೇ ಆರಿಸೀನಿ. ನೋಡ್ಲಾಕ ಬಾ. ಎಷ್ಟು ದಿನ ಇರ್ತಿ ಅಷ್ಟು ದಿನ ಇರು.’ ವಿಳಾಸದ ಕಡೆ, ಅವರ ಊರಿನಲ್ಲಿ ಬರೆಯುವ ಹಾಗೆ ಕಸುಬು ಸೇರಿಸಿ ಬರೆದಳು: ಕಲ್ಲು ಒಡಿಯುವ ಮಲ್ಲಪ್ಪ, ಹಳೇ ಗಣಿ ಓಣಿ, ಶಹಾಬಾದ.

ಚನ್ನಬಸಪ್ಪ ಸ್ಕೂಟರ್ ಹೊರಗೆ ತೆಗೆಯುತ್ತಿದ್ದ. ಕಾರ್ಡನ್ನು ಅವನ ಕೈಗೆ ಕೊಟ್ಟಳು. ಅವನು ಎರಡೂ ಬದಿ ಓದಿದ.

“ಇನ್‌ಲ್ಯಾಂಡಿನಾಗ ಬರದಿದ್ರ ಆಗ್ತಿತ್ತು. ಕಾರ್ಡ್ ಅಂದ್ರ ದಾರಿಯಾಗ ಎಲ್ಲರೂ ಓದ್ತಾರ.”

“ಓದ್ಲಿ ಅಂತನೇ ಬರದೀನಿ.”

“ದೇವೀ…”

“ಹಾಕ್ತೀರೋ, ನಾನೇ ಹೋಗಿ ಹಾಕ್ಲೋ?”

ಅವನು ಕಾರ್ಡನ್ನು ಕೈಯಲ್ಲೇ ಹಿಡಿದು ಸ್ಕೂಟರ್ ಶುರು ಮಾಡಿದ. ಬೀದಿಯ ತಿರುವಿನಲ್ಲಿ ಕೆಂಪು ಅಂಚೆ ಡಬ್ಬಿ, ಅದರ ಪಕ್ಕ ಜಗನ್ಮೋಹನ್ ನಿಂತಿದ್ದ. ಬ್ಯಾಂಕಿನ ಕ್ಯಾಶಿಯರ್, ದಿನವೂ ಅಲ್ಲಿಂದ ಚನ್ನಬಸಪ್ಪನ ಹಿಂದೆ ಕೂತು ಹೋಗುವವನು. ಅದೇ ಬೀದಿಯ ಕೊನೆಯಲ್ಲಿ ಅವನ ಮನೆಯೂ ಏಳುತ್ತಿತ್ತು. ದೇವಮ್ಮ ಗೇಟು ಹಿಡಿದು ನೋಡುತ್ತ ನಿಂತಳು.

ಸ್ಕೂಟರ್ ನಿಂತಿತು. ಚನ್ನಬಸಪ್ಪ ಇಳಿಯಲಿಲ್ಲ. ಡಬ್ಬಿಗೆ ಹತ್ತಿರವಿದ್ದ ಜಗನ್ಮೋಹನ್ ಕೈಚಾಚಿ ಕಾರ್ಡು ಇಸಿದುಕೊಂಡ. ಹಾಕುವ ಮೊದಲು ಕಣ್ಣಿನ ಹತ್ತಿರ ಹಿಡಿದ. ತೆಲುಗಿನವನಿಗೆ ಕನ್ನಡದ ಅಕ್ಷರ ಕೂಡಿಸಿ ಓದುವುದು ಕಷ್ಟವಲ್ಲ, ಅದರಲ್ಲೂ ಅಷ್ಟು ದಪ್ಪ ಅಕ್ಷರ. ಅವನು ಏನೋ ಕೇಳಿದ. ಚನ್ನಬಸಪ್ಪ ಹ್ಯಾಂಡಲ್ ನೋಡುತ್ತ ಕೂತ. ಹಿಂದಿನಿಂದ ಬಂದ ರಿಕ್ಷಾದವನು ಗಂಟೆ ಬಾರಿಸಿದ. ದೇವಮ್ಮನ ಕೈಯಲ್ಲಿ ಗೇಟಿನ ಕಬ್ಬಿಣ ಬಿಸಿಯಾಗಿತ್ತು.

ಆಮೇಲೆ ಚನ್ನಬಸಪ್ಪ ತಲೆಯೆತ್ತಿ ಏನೋ ಹೇಳಿದ. ಒಂದೇ ಮಾತಲ್ಲ, ನಾಲ್ಕಾರು ಮಾತು. ಒಂದು ಕೈಯನ್ನು ಎತ್ತಿ, ಸುತ್ತಿಗೆ ಹಿಡಿದವರ ಹಾಗೆ ಕೆಳಗಿಳಿಸಿ ತೋರಿಸಿದ. ಜಗನ್ಮೋಹನ್ ಕಾರ್ಡನ್ನು ಡಬ್ಬಿಯೊಳಗೆ ಹಾಕಿದ. ಹಾಕಿದವನು ಸ್ಕೂಟರ್ ಹತ್ತದೆ ಗೇಟಿನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ತೆಲುಗಿನಲ್ಲಿ ಕೂಗಿದ.

“ಅಮ್ಮಾ! ನಿಮ್ಮ ನಾನ್ನಗಾರು ಬರ್ತಿದ್ದಾರಂತಲ್ಲ! ನಮ್ಮ ಮನೆಗೂ ಕಲ್ಲು ಆರಿಸಿ ಕೊಡೋಕೆ ಹೇಳಿ ಅವರಿಗೆ!”

ಎದುರು ಮನೆಯಲ್ಲಿ ಕೋಟೇಶ್ವರಮ್ಮ ಕಿಟಕಿ ತೆಗೆದರು.

“ಅವರ್ಯಾಕೆ?” ದೇವಮ್ಮ ಅಷ್ಟೇ ಜೋರಾಗಿ ಕೂಗಿದಳು. “ಅವರು ಮಗಳ ಮನೆಗೆ ಉಣ್ಣೋಕೆ ಬರ್ತಿದ್ದಾರೆ. ಕಲ್ಲು ನಾನು ಆರಿಸಿ ಕೊಡ್ತೀನಿ. ಭಾನುವಾರ ಸುತ್ತಿಗೆ ತಗೊಂಡು ಬನ್ನಿ!”